ಆಟಿ ಕಳೆದ ಮೇಲಿನ ಲೆಕ್ಕ: ಕರಾವಳಿಯ ಮನೆಗೆ ಯಾವುದು ಬೇಕು, ಯಾವುದು ಬೇಡ

ಹೊಸದಾಗಿ ತಂದ ವಸ್ತು ಕೊಟ್ಟ ದುಡ್ಡಿಗೆ ತಕ್ಕದ್ದೇ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಮಾತು, ಮೊದಲು ಒಂದು ಆಟಿ (ಜುಲೈ–ಆಗಸ್ಟ್‌ನ ಜಡಿಮಳೆಯ ತುಳು ತಿಂಗಳು) ಕಳೆಯಲಿ. ದೀಪಾವಳಿಯ ರಿಯಾಯಿತಿಯಲ್ಲಿ ತಂದದ್ದು ಮೇ ತಿಂಗಳವರೆಗೆ ಚೆನ್ನಾಗಿಯೇ ಇರುತ್ತದೆ. ಅದರ ನಿಜವಾದ ಗುಣ ತಿಳಿಯುವುದು ಮಳೆ ಹಿಡಿದ ಮೇಲೆ. ಉಡುಪಿ, ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೊತೆಗೆ ಕಡಲಿನ ಉಪ್ಪುಗಾಳಿ, ಗೋಡೆ ಹತ್ತುವ ತೇವ, ಗಾಳಿಗೆ ಮರ ಬಿದ್ದು ಹೋಗುವ ಕರೆಂಟು. ಬೆಂಗಳೂರಿನ ನೆಂಟರು ಮನಸಾರೆ ಕೊಡುವ ಸಲಹೆ ಇಲ್ಲಿಗೆ ಅರ್ಧ ಮಾತ್ರ ಹೊಂದುವುದು ಇದೇ ಕಾರಣಕ್ಕೆ.

ನಮ್ಮದು ಉಡುಪಿಯಲ್ಲಿ ಬಾವಿ, ಅಂಗಳ, ನಾಲ್ಕು ತೆಂಗಿನ ಮರ ಇರುವ ಮನೆ. ಅಕ್ಕನದು ಮಂಗಳೂರಿನ ಬಿಜೈಯಲ್ಲಿ ಫ್ಲ್ಯಾಟು. ಇತ್ತೀಚಿನ ವರ್ಷಗಳಲ್ಲಿ ಎರಡೂ ಮನೆಗೆ ಹೆಚ್ಚುಕಡಿಮೆ ಒಂದೇ ಬಗೆಯ ವಸ್ತುಗಳು ಬಂದವು, ಆದರೆ ಬೇರೆ ಬೇರೆ ಮಾದರಿಯವು. ಒಂದು ಕಡೆ ಚಿನ್ನದಂತಹ ಕೆಲಸ ಮಾಡಿದ್ದು ಇನ್ನೊಂದು ಕಡೆ ಮೂಲೆ ಸೇರಿತು. ಹಾಗಾಗಿ ಇಲ್ಲಿ ಯಾವುದು ಒಳ್ಳೆಯದು ಎಂಬುದಕ್ಕಿಂತ ಯಾವ ಮನೆಗೆ ಯಾವುದು ಒಳ್ಳೆಯದು ಎಂದು ಬರೆಯುತ್ತಿದ್ದೇನೆ.

ಅಂಗಡಿಯ ಬೆಲೆಚೀಟಿಗೆ ಮೊದಲು ಮೀಟರಿನ ವಿಷಯ ಹೇಳಬೇಕು. 2023ರ ಮಳೆಗಾಲದಲ್ಲಿ ಸರಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ನಮ್ಮಲ್ಲಿ ಕರೆಂಟಿನ ಉಪಕರಣದ ಲೆಕ್ಕವೇ ಬೇರೆಯಾಗಿದೆ. 2022–23ರ ತಿಂಗಳ ಸರಾಸರಿ ಬಳಕೆಗೆ ಶೇ. 10 (ಬಳಕೆ ತೀರಾ ಕಡಿಮೆ ಇದ್ದವರಿಗೆ 10 ಯೂನಿಟ್) ಸೇರಿಸಿ ಮನೆಮನೆಗೆ ಮಿತಿ ಇಟ್ಟಿದ್ದಾರೆ. ಮಿತಿ ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು. ಒಟ್ಟು 200 ಯೂನಿಟ್ ದಾಟಿತೋ, ಆ ತಿಂಗಳ ಇಡೀ ಬಿಲ್ಲು ನಮ್ಮ ತಲೆಗೆ. ಯೂನಿಟ್‌ಗೆ ಆರು ರೂಪಾಯಿ ಎಂದು ಹಿಡಿದರೂ ನಿಗದಿತ ಶುಲ್ಕ, ತೆರಿಗೆ ಬಿಟ್ಟು ಸಾವಿರದ ಇನ್ನೂರು. ಮೊದಲೇ 170, 180 ಯೂನಿಟ್ ಓಡುವ ಮನೆಗೆ ಹೊಸ ಉಪಕರಣವೊಂದು ಬಂದರೆ ಅದು ತಿಂಗಳಿಗೆ ಎಷ್ಟು ಯೂನಿಟ್ ತಿನ್ನುತ್ತದೆ ಎಂಬುದು ಅದರ ಬೆಲೆಯಷ್ಟೇ ದೊಡ್ಡ ವಿಷಯ. ಮೆಸ್ಕಾಂನ ಹಿಂದಿನ ಮಳೆಗಾಲದ ಬಿಲ್ಲುಗಳನ್ನು ತೆಗೆದು ನೋಡಿಕೊಂಡೇ ಅಂಗಡಿಗೆ ಹೋಗಿ.

ಬಟ್ಟೆ ಒಗೆಯುವುದಲ್ಲ, ಒಣಗಿಸುವುದು

ಇಲ್ಲಿನವರಿಗೆ ವಾಷಿಂಗ್ ಮೆಷಿನ್ ಬೇಕಾಗಿರುವುದು ಕೊಳೆ ಹೋಗಲಿ ಎಂದಲ್ಲ. ಕೊಳೆಗೆ ಬಟ್ಟೆ ಒಗೆಯುವ ಕಲ್ಲು ಸಾಕು. ಜುಲೈಯಲ್ಲಿ ವಾರಗಟ್ಟಲೆ ಬಿಸಿಲು ಕಾಣದಿರುವಾಗ ಮಕ್ಕಳ ಯೂನಿಫಾರ್ಮು ಮುಗ್ಗಲು ವಾಸನೆ ಬಾರದೆ ಒಣಗಬೇಕು, ಅದೇ ನಮ್ಮ ಕಷ್ಟ. ಆದ್ದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು ಎಷ್ಟು ಕೆ.ಜಿ. ಎಂದಲ್ಲ, ಹಿಂಡುವಾಗ ಎಷ್ಟು ಸುತ್ತು ತಿರುಗುತ್ತದೆ ಎಂದು.

ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ 10,000 ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಅದರ ಹಿಂಡುವ ತೊಟ್ಟಿ ನಿಮಿಷಕ್ಕೆ 1,300 ಸುತ್ತಿನ ಹತ್ತಿರ ತಿರುಗುತ್ತದೆ. ಮೇಲಿನಿಂದ ಬಟ್ಟೆ ಹಾಕುವ ಫುಲ್ಲಿ ಆಟೋಮ್ಯಾಟಿಕ್ ಮೆಷಿನ್‌ಗಳಲ್ಲಿ ಹೆಚ್ಚಿನವು 700ರ ಹತ್ತಿರ. ಮುಂದಿನ ಬಾಗಿಲಿನ ಫ್ರಂಟ್ ಲೋಡ್ 1,200ರಿಂದ 1,400. ಇದನ್ನು ಕೈಯಲ್ಲೇ ಪರೀಕ್ಷಿಸಬಹುದು. ಮೆಷಿನ್‌ನಿಂದ ತೆಗೆದ ಪ್ಯಾಂಟಿನ ಸೊಂಟಪಟ್ಟಿಯನ್ನೂ ಜೇಬಿನ ಒಳಮೂಲೆಯನ್ನೂ ಹಿಚುಕಿ ನೋಡಿ. ಬೆರಳಿಗೆ ನೀರು ಹತ್ತಿದರೆ ಆ ಪ್ಯಾಂಟು ಮಳೆಗಾಲದಲ್ಲಿ ಮೂರು ದಿನ ಹಗ್ಗದ ಮೇಲೆ. ಬರೀ ತಣ್ಣಗೆ ಇದ್ದು ನೀರು ಹತ್ತದಿದ್ದರೆ ರಾತ್ರಿ ಫ್ಯಾನಿನ ಕೆಳಗೆ ಸ್ಟ್ಯಾಂಡಿನಲ್ಲಿ ಹರಡಿ, ಬೆಳಿಗ್ಗೆಗೆ ಹಾಕಿಕೊಳ್ಳುವ ಹಾಗಾಗುತ್ತದೆ.

ಹಾಗಾಗಿ ಮೂರರಲ್ಲಿ ಅತಿ ಅಗ್ಗದ್ದು ನಮ್ಮ ಮಳೆಗಾಲಕ್ಕೆ ನಡುವಿನದಕ್ಕಿಂತ ಮೇಲು. ಅಂಗಡಿಯವರು ಇದನ್ನು ಹೇಳುವುದು ಕಡಿಮೆ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಇನ್ನೊಂದು ಅನುಕೂಲವೂ ಉಂಟು. ಮೊದಲ ಸಲ ಒಗೆದ ಸೋಪಿನ ನೀರಿನಲ್ಲೇ ಕಾಲೊರಸು, ನೆಲ ಒರಸುವ ಬಟ್ಟೆ ಹಾಕಬಹುದು. ಏಪ್ರಿಲ್, ಮೇಯಲ್ಲಿ ಬಾವಿ ತಳ ಕಾಣುವಾಗ, ಮಳೆ ತಡವಾಗಿ ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟಿನ ನೀರನ್ನು ಅಳೆದು ಬಿಡುವಾಗ, ಆ ಬಕೆಟ್ ನೀರಿನ ಬೆಲೆ ಗೊತ್ತಾಗುತ್ತದೆ. ಫ್ರಂಟ್ ಲೋಡ್ ಕೂಡ ನೀರಿನ ವಿಷಯದಲ್ಲಿ ಜಾಗ್ರತೆಯದ್ದೇ, ಮೇಲಿನಿಂದ ಹಾಕುವ ಮೆಷಿನ್ ಕುಡಿಯುವುದರ ಅರ್ಧದಷ್ಟು ಅದಕ್ಕೆ ಸಾಕು. ಅಕ್ಕನ ಫ್ಲ್ಯಾಟಿಗೆ ಅದೇ ಸರಿಹೊಂದಿತು. ಒಗೆಯಲು ನಿಲ್ಲುವವರಿಲ್ಲ, ತೊಟ್ಟಿಯಿಂದ ತೊಟ್ಟಿಗೆ ಬಟ್ಟೆ ಎತ್ತಿ ಹಾಕುವಷ್ಟು ಬಿಡುವಿಲ್ಲ, ತುಂಬೆ ಅಣೆಕಟ್ಟಿನಿಂದ ಬರುವ ನೀರು ಬೇಸಿಗೆಯಲ್ಲಿ ಒಮ್ಮೊಮ್ಮೆ ದಿನ ಬಿಟ್ಟು ದಿನ. ಆದರೆ ಬಾಗಿಲಿನ ರಬ್ಬರಿನ ಮಡಿಕೆಯನ್ನು ಪ್ರತಿ ಸಲ ಒರಸಿ, ಬಾಗಿಲು ತೆರೆದಿಡಬೇಕು. ಇಲ್ಲವಾದರೆ ಅಲ್ಲಿ ಕಪ್ಪು ಬೂಷ್ಟು ಹಿಡಿದು, ಒಗೆದ ಬಟ್ಟೆಗೇ ವಾಸನೆ ಬರುತ್ತದೆ. ಬಾಲ್ಕನಿಯಲ್ಲಿ ಇಡುವವರು ಕಡಲಿನ ಗಾಳಿ ನೇರ ಹೊಡೆಯುವ ಮಗ್ಗುಲಲ್ಲಿ ಇಡಬೇಡಿ, ತಗಡಿನ ತಳ ಮೊದಲು ತುಕ್ಕು ಹಿಡಿಯುವುದು ಅಲ್ಲೇ.

ಇನ್ನು ಡ್ರೈಯರ್. ಮಳೆಗಾಲ ಬಂತೆಂದರೆ ಎಲ್ಲರ ಕಣ್ಣೂ ಇದರ ಮೇಲೆ. ನಿಧಾನವಾಗಿ ಲೆಕ್ಕ ಹಾಕೋಣ. ಬೇರೆಯಾಗಿ ಸಿಗುವ ಡ್ರೈಯರ್‌ಗೆ 35,000 ರೂಪಾಯಿ ಎಂದಿಟ್ಟುಕೊಳ್ಳಿ. ಕರಾವಳಿಯಲ್ಲಿ ಅದು ಬೇಕಾಗುವುದು ವರ್ಷಕ್ಕೆ ನಾಲ್ಕು ತಿಂಗಳು. ವಾರಕ್ಕೆ ನಾಲ್ಕು ಸಲ ಹಾಕಿದರೆ ವರ್ಷಕ್ಕೆ ಸುಮಾರು 65 ಸಲ, ಎಂಟು ವರ್ಷ ಬಾಳಿದರೆ 520. ಒಂದು ಸಲಕ್ಕೆ ಯಂತ್ರದ ಬೆಲೆಯೇ 67 ರೂಪಾಯಿ ಬಿತ್ತು. ಎರಡು ಕಿಲೋವ್ಯಾಟಿನ ಸಾಮಾನ್ಯ ಡ್ರೈಯರ್ ಒಮ್ಮೆಗೆ ಎರಡು, ಎರಡೂವರೆ ಯೂನಿಟ್ ತಿನ್ನುತ್ತದೆ, ಅದು ಹದಿನೈದು ರೂಪಾಯಿ. ಮೀಟರು 200 ದಾಟದಿದ್ದರೆ ಇಷ್ಟು. ವಾರಕ್ಕೆ ನಾಲ್ಕು ಸಲವೆಂದರೆ ತಿಂಗಳಿಗೆ ಸುಮಾರು 40 ಯೂನಿಟ್, ದಾಟುವ ಸಾಧ್ಯತೆಯೇ ಹೆಚ್ಚು. ಹೀಟ್ ಪಂಪ್ ಇರುವ ಡ್ರೈಯರ್ ಇದರ ಅರ್ಧದಷ್ಟು ಕರೆಂಟಿನಲ್ಲಿ ಕೆಲಸ ಮುಗಿಸುತ್ತದೆ, ಆದರೆ ಅದರ ಬೆಲೆ ಬಹಳ ಮೇಲೆ.

ಹಾಗೆಂದು ಡ್ರೈಯರ್ ಬೇಡ ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಎಳೆ ಮಗು ಇದ್ದರೆ, ಹಾಸಿಗೆ ಹಿಡಿದ ಹಿರಿಯರ ಬಟ್ಟೆ ದಿನವೂ ಒಗೆಯಬೇಕಾಗಿದ್ದರೆ, ಒಂದು ಸಲಕ್ಕೆ 80 ರೂಪಾಯಿ ಹೆಚ್ಚಲ್ಲ. ಅಂತಹ ಮನೆಗೆ ಇದಕ್ಕಿಂತ ಒಳ್ಳೆಯ ಖರೀದಿ ಇಲ್ಲ. ಅಕ್ಕನ ಅತ್ತೆಗೆ ಮೊದಲು ಮನಸ್ಸಿರಲಿಲ್ಲ. "ಎಂಥಕ್ಕೆ ಮಾರಾಯ್ತಿ ಇಷ್ಟು ದುಡ್ಡು? ಬಿಸಿಲು ಬಂದಾಗ ಒಣಗ್ತದೆ" ಎಂದರಂತೆ. ಕಾಲು ಮುರಿದು ಅವರೇ ಮಲಗಿದ ಮಳೆಗಾಲದಲ್ಲಿ, ಬೆಚ್ಚಗಿನ ಒಣ ಹಚ್ಚಡ ಮೈಗೆ ಬಿದ್ದ ಮೇಲೆ, ಆ ಮಾತು ಮತ್ತೆ ಬರಲಿಲ್ಲ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗಾದರೆ ಚೆನ್ನಾಗಿ ಹಿಂಡುವ ಮೆಷಿನ್, ಸ್ಟೀಲಿನ ಸ್ಟ್ಯಾಂಡು, ಒಂದು ಫ್ಯಾನು ಸಾಕು.

ಒಗೆಯುವುದೂ ಒಣಗಿಸುವುದೂ ಒಂದರಲ್ಲೇ ಆಗುವ ಮೆಷಿನ್ ಕೊಳ್ಳುವವರು ಒಂದು ಸಂಗತಿ ಗಮನಿಸಿ. ಎಂಟು ಕೆ.ಜಿ. ಎಂದು ಬರೆದಿರುವುದು ಒಗೆಯಲು, ಒಣಗಿಸಲು ಐದೇ ಕೆ.ಜಿ. ಇರುತ್ತದೆ. ಒಗೆದ ರಾಶಿಯಲ್ಲಿ ಅರ್ಧ ಹೊರತೆಗೆದು ಎರಡು ಸರದಿಯಲ್ಲಿ ಒಣಗಿಸಬೇಕು. ಜಾಗ ಕಡಿಮೆ ಇರುವ ಫ್ಲ್ಯಾಟಿಗೆ ಮಾತ್ರ ಇದು ಸರಿ. ವೆಂಟೆಡ್ ಡ್ರೈಯರ್ ಆದರೆ ಅದರ ಹಬೆಯ ಕೊಳವೆ ಕಿಟಕಿಯಾಚೆ ಹೋಗಲೇಬೇಕು, ಕೋಣೆಯೊಳಗೆ ಬಿಟ್ಟರೆ ಬಟ್ಟೆಯ ನೀರೆಲ್ಲ ಗೋಡೆಗೆ ಬರುತ್ತದೆ.

ಫ್ಯಾನು, ಇನ್ವರ್ಟರು

ಕೊಂಡದ್ದರಲ್ಲೆಲ್ಲ ಅತಿ ಬೇಗ ಹಣ ಮರಳಿಸಿದ್ದು ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿ.ಸಿ. ಮೋಟರಿನ) ಫ್ಯಾನು. ಸಾಮಾನ್ಯ ಫ್ಯಾನು ಸುಮಾರು 75 ವ್ಯಾಟ್, ಇದು 30ರ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ಒಂದು ಫ್ಯಾನಿನಿಂದ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ, ಮೂರರಿಂದ 48. ನಮ್ಮ ಸೆಕೆಗೆ ಫ್ಯಾನು ಹನ್ನೆರಡು ಗಂಟೆಗಿಂತ ಕಡಿಮೆ ತಿರುಗುವ ಮನೆ ಯಾವುದುಂಟು? ಮೀಟರನ್ನು 200ರ ಕೆಳಗೆ ಹಿಡಿದಿಡಲು ಇದಕ್ಕಿಂತ ಸುಲಭದ ದಾರಿ ನನಗೆ ಕಾಣುವುದಿಲ್ಲ. ಬೆಲೆ ಸಾಮಾನ್ಯ ಫ್ಯಾನಿಗಿಂತ ಸಾವಿರ, ಒಂದೂವರೆ ಸಾವಿರ ಹೆಚ್ಚು. ಒಂದೇ ಎಚ್ಚರಿಕೆಯೆಂದರೆ ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಉಂಟು. ಮಳೆ ಹಿಡಿಯುವ ಮೊದಲು ಮೇಯಲ್ಲೂ, ಮಳೆ ಬಿಡುವಾಗ ಅಕ್ಟೋಬರ್‌ನಲ್ಲೂ ನಮ್ಮಲ್ಲಿ ಸಿಡಿಲು ಜೋರು. ಗುಡುಗು ಶುರುವಾದ ಕೂಡಲೇ ಟಿವಿ, ಮೋಡೆಮ್‌ನ ಪ್ಲಗ್ಗು ಕೀಳುವ ಅಭ್ಯಾಸವಿರುವವರು ಫ್ಯಾನಿನ ಲೈನಿಗೂ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅರ್ಥಿಂಗ್ ಸರಿ ಇದೆಯೇ ಎಂದು ವಯರಿಂಗಿನವರಿಂದ ನೋಡಿಸಿಕೊಳ್ಳುವುದು ಒಳ್ಳೆಯದು.

ಇನ್ವರ್ಟರಿಗೂ ಇದರಿಂದ ಲಾಭ. ಮೂರು ಫ್ಯಾನಿನ 225 ವ್ಯಾಟ್ ಭಾರ 90ಕ್ಕೆ ಇಳಿಯುತ್ತದೆ, ಹಾಗಾಗಿ ಹಳೆಯ ಬ್ಯಾಟರಿಯೇ ಹೆಚ್ಚು ಹೊತ್ತು ಬರುತ್ತದೆ. ದೊಡ್ಡ ಬ್ಯಾಟರಿ ಕೊಳ್ಳುವ ಮೊದಲು ಫ್ಯಾನು ಬದಲಿಸಿ. ಬ್ಯಾಟರಿ ತೆಗೆದುಕೊಳ್ಳಲೇಬೇಕಾದರೆ, ಡಿಸ್ಟಿಲ್ಡ್ ವಾಟರ್ ಹಾಕಲು ನೆನಪಿಡುವವರು ಮನೆಯಲ್ಲಿದ್ದರೆ ಟ್ಯೂಬುಲರ್ ಸಾಕು. ಬೀಗ ಹಾಕಿ ತಿಂಗಳುಗಟ್ಟಲೆ ಮುಂಬಯಿಗೋ ದುಬಾಯಿಗೋ ಹೋಗುವವರಿಗೆ ಲಿಥಿಯಂ ಸರಿ, ದುಬಾರಿಯಾದರೂ.

ಕಡೆಯುವ ಕಲ್ಲು, ಗ್ರೈಂಡರ್, ಮಿಕ್ಸಿ

ಇಲ್ಲಿ ನಾನು ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ, ಏಕೆಂದರೆ ಕರಾವಳಿಯ ಅಡಿಗೆಯೆಂದರೆ ಅರ್ಧಕ್ಕರ್ಧ ಕಡೆಯುವ, ಅಂದರೆ ರುಬ್ಬುವ, ಕೆಲಸ. ಅಕ್ಕಿ, ಉದ್ದು, ತೆಂಗಿನಕಾಯಿ, ಮೆಣಸು. ಮಿಕ್ಸಿ ಇದ್ದರೆ ಗ್ರೈಂಡರ್ ಯಾಕೆ ಎನ್ನುವವರೂ ಗ್ರೈಂಡರ್ ಬಂದ ಮೇಲೆ ಮಿಕ್ಸಿ ಮುಟ್ಟುವುದಿಲ್ಲ ಎನ್ನುವವರೂ ಇದ್ದಾರೆ. ನಿಮ್ಮ ಮನೆಯಲ್ಲಿ ವಾರಕ್ಕೆ ಏನು ಮಾಡುತ್ತೀರಿ ಎಂಬುದರ ಮೇಲೆ ಇದು ನಿಂತಿದೆ.

ನೀರುದೋಸೆಗೆ ಮಿಕ್ಸಿಯೇ ಸಾಕು. ಹಿಟ್ಟು ಹುದುಗು ಬರಬೇಕಾಗಿಲ್ಲ, ನುಣ್ಣಗಾಗಿ ನೀರಾಗಿದ್ದರೆ ಆಯಿತು. ದಿನದ ಸಾರು, ಕೊದ್ದೆಲಿಗೆ ಬೇಕಾಗುವ ಒಂದು ಹಿಡಿ ಕಾಯಿಗೂ ಮಿಕ್ಸಿಯೇ, ಅಷ್ಟು ಸ್ವಲ್ಪಕ್ಕೆ ಗ್ರೈಂಡರಿನ ಕಲ್ಲು ಸುಮ್ಮನೆ ತಿರುಗುತ್ತದೆ ಅಷ್ಟೆ. ಉದ್ದಿನ ವಿಷಯಕ್ಕೆ ಬಂದರೆ ಗ್ರೈಂಡರಿಗೆ ಎದುರಿಲ್ಲ. ಮಿಕ್ಸಿಯ ಬ್ಲೇಡು ಉದ್ದನ್ನು ಕತ್ತರಿಸುತ್ತದೆ, ಬಿಸಿಯನ್ನೂ ಮಾಡುತ್ತದೆ. ಕಲ್ಲು ನಿಧಾನವಾಗಿ ತಿರುಗುತ್ತಾ ಗಾಳಿ ಸೇರಿಸಿ ಹಿಟ್ಟನ್ನು ಉಬ್ಬಿಸುತ್ತದೆ. ಒಂದು ಲೋಟ ನೀರಿಗೆ ಹಿಟ್ಟಿನ ಒಂದು ಹನಿ ಬಿಟ್ಟು ನೋಡಿ, ಮುಳುಗದೆ ತೇಲಿದರೆ ಉದ್ದು ಸರಿಯಾಗಿ ಬಂದಿದೆ ಎಂದರ್ಥ. ಮಿಕ್ಸಿಯಲ್ಲಿ ಅದನ್ನು ತರಬೇಕಾದರೆ ಐಸ್ ನೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಅಷ್ಟಮಿಗೆ ಎಲೆಯಲ್ಲಿ ಬೇಯಿಸುವ ಮೂಡೆ, ಕೊಟ್ಟೆ ಕಡುಬು ಕಟ್ಟುವ ಮನೆಗೆ, ಒಂದೇ ದಿನ ಸೇರುಗಟ್ಟಲೆ ಉದ್ದು ಬೀಸಬೇಕಾದವರಿಗೆ ಇದು ಆಗುವ ಮಾತಲ್ಲ.

ಮೇಜಿನ ಮೇಲಿಡುವ ಎರಡು ಲೀಟರಿನ ಗ್ರೈಂಡರ್ ಸುಮಾರು 5,000 ರೂಪಾಯಿ. ವಾರಕ್ಕೆ ಎರಡು ಸಲವೆಂದು ಹತ್ತು ವರ್ಷ ಹಿಡಿದರೆ ಸಾವಿರ ಸಲ, ಒಂದು ಸಲಕ್ಕೆ ಐದು ರೂಪಾಯಿ. ಪೇಟೆಯ ಹಿಟ್ಟಿನ ಪ್ಯಾಕೆಟಿನ ಬೆಲೆಯ ಎದುರು ಇದು ಏನೂ ಅಲ್ಲ, ರುಚಿಯಂತೂ ಬೇರೆಯೇ. ಆದರೆ ತಿಂಗಳಿಗೊಮ್ಮೆ ಇಡ್ಲಿ ಮಾಡುವ ಮನೆಗೆ ಅದೇ ಗ್ರೈಂಡರ್ ಒಂದು ಸಲಕ್ಕೆ 40 ರೂಪಾಯಿ ಮೀರಿ ಬೀಳುತ್ತದೆ, ಅವರಿಗೆ ಪ್ಯಾಕೆಟ್ಟೇ ಸರಿ. ಆಟಿಯ ಪತ್ರೊಡೆಗೆ ಕಡೆಯುವ ಗಟ್ಟಿ ಮಸಾಲೆಯನ್ನು ಇದರಲ್ಲಿ ಹಾಕುವಾಗ ಸ್ವಲ್ಪ ಸ್ವಲ್ಪವೇ ಹಾಕಿ, ತುಂಬಿದರೆ ಬೆಲ್ಟು ಜಾರುತ್ತದೆ. ವಾಲಿಸಿ ಹಿಟ್ಟು ತೆಗೆಯುವ ಟಿಲ್ಟಿಂಗ್ ಮಾದರಿ ದುಬಾರಿ. ಕೈಬೆರಳ ಗಂಟುನೋವು ಇರುವವರಿಗೆ ಆ ಹೆಚ್ಚಿನ ಹಣ ಸಾರ್ಥಕ, ಏಕೆಂದರೆ ಒದ್ದೆ ಕಲ್ಲುಗಳನ್ನು ಎತ್ತಿ ತೊಳೆಯುವುದೇ ಈ ಯಂತ್ರದ ಕಷ್ಟದ ಭಾಗ.

ಕಡೆಯುವ ಕಲ್ಲು ಇನ್ನೂ ಇರುವ ಮನೆಯವರು ಅದನ್ನು ಮಾರಬೇಡಿ. ಗ್ರೈಂಡರ್ ಬಂದ ಮೇಲೂ ನಮ್ಮ ಹಿಂದಿನ ಜಗಲಿಯಲ್ಲಿ ಅದು ಉಂಟು, ಕರೆಂಟು ಹೋದ ದಿನ ಚಟ್ನಿ ಅದರಲ್ಲೇ. ಆ ಚಟ್ನಿಯ ರುಚಿಗೆ ಯಾವ ಯಂತ್ರವೂ ಸಮ ಬರುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸ್ನಾನದ ಬಿಸಿನೀರು

ಬೆಂಗಳೂರಿನಲ್ಲಿ ಸೋಲಾರ್ ಹೀಟರ್ ಎಲ್ಲರೂ ಮೆಚ್ಚುವ ವಸ್ತು. ಅಲ್ಲಿ ಚಳಿಗಾಲದಲ್ಲೂ ಬಿಸಿಲಿದೆ, ಬೇಕಾದಾಗ ಬಿಸಿನೀರು ಸಿಗುತ್ತದೆ. ನಮ್ಮಲ್ಲಿ ತಿರುಗುಮುರುಗು. ಏಪ್ರಿಲ್‌ನ ಉರಿಬಿಸಿಲಿನಲ್ಲಿ ನೀರು ಕುದಿಯುವ ಹಾಗಿರುತ್ತದೆ, ಆಗ ಸ್ನಾನಕ್ಕೆ ತಣ್ಣೀರೇ ಹಿತ. ಜುಲೈಯಲ್ಲಿ ನೆನೆದು ಬಂದು ಬಿಸಿನೀರು ಬೇಕೆನಿಸುವಾಗ ಬಿಸಿಲೇ ಇರುವುದಿಲ್ಲ, ಒಳಗಿನ ಕರೆಂಟಿನ ಕಾಯಿಲ್ ಹಾಕಲೇಬೇಕು. ಹಾಗಾಗಿ ನವೆಂಬರ್‌ನಿಂದ ಫೆಬ್ರವರಿವರೆಗಿನ ಬಳಕೆಗಷ್ಟೇ ನಿಮ್ಮ ಹಣ ಹುಟ್ಟಬೇಕು. ವರ್ಷವಿಡೀ ಬಿಸಿನೀರು ಬೇಕಾಗುವ ಹೋಂಸ್ಟೇ, ಹಾಸ್ಟೆಲು, ದೊಡ್ಡ ಕುಟುಂಬಕ್ಕೆ ಹೊಂದಬಹುದು. ಸಣ್ಣ ಮನೆಗೆ ನಾನು ಹೇಳಲಾರೆ.

ತೆಂಗಿನ ಮರವಿರುವ ಮನೆಗೆ ಬಚ್ಚಲಿನ ಹಂಡೆಯೇ ಮೇಲು. ಬಿದ್ದ ಮಡಲು, ಕೊತ್ತಳಿಗೆ, ಗೆರಟೆ ಇವಕ್ಕೆಲ್ಲ ಕಾಸು ಕೊಡಬೇಕಾಗಿಲ್ಲ. ಮೇಯೊಳಗೆ ಒಣಗಿಸಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿದರೆ ಮಳೆಗಾಲ ಪೂರ್ತಿ ಬರುತ್ತದೆ. ಉರಿ ಹಾಕುವ ಕೈ ಬೇಕು, ಹೊಗೆ ತಡೆದುಕೊಳ್ಳಬೇಕು, ಅದು ನಿಜ. ಫ್ಲ್ಯಾಟಿನಲ್ಲಿ ಕರೆಂಟಿನ ಗೀಸರ್ ಬಿಟ್ಟರೆ ಗ್ಯಾಸ್ ಗೀಸರ್. ಹದಿನೈದು ಲೀಟರಿನ ಗೀಸರ್ ಒಮ್ಮೆ ಕಾಯಲು ಅರ್ಧ ಯೂನಿಟ್ ಬೇಕು, ನಾಲ್ಕು ಜನರ ಮನೆಗೆ ದಿನಕ್ಕೆ ಎರಡು ಯೂನಿಟ್ ಎಂದರೂ ತಿಂಗಳಿಗೆ 60. ಮತ್ತೆ ಅದೇ ಮೀಟರಿನ ಮಾತು. ಗ್ಯಾಸ್ ಗೀಸರ್ ಅಗ್ಗ, ಆದರೆ ಅದನ್ನು ಯಾವ ಕಾರಣಕ್ಕೂ ಮುಚ್ಚಿದ ಬಚ್ಚಲಿನೊಳಗೆ ಹಾಕಿಸಬೇಡಿ. ಉರಿಗೆ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ಹೋಗುತ್ತದೆ. ಬಾಲ್ಕನಿಯಲ್ಲೋ ಹೊರಗೋಡೆಯಲ್ಲೋ ಕೂರಿಸಿ, ನೀರಿನ ಪೈಪು ಮಾತ್ರ ಒಳಗೆ ತನ್ನಿ.

ಸಣ್ಣಪುಟ್ಟವು

ಕಾವಲಿ: ನಾನ್‌ಸ್ಟಿಕ್ ಒಂದೆರಡು ವರ್ಷಕ್ಕೆ ಪದರ ಕೀಳುತ್ತದೆ, ಬೀಡಿನ (ಎರಕದ ಕಬ್ಬಿಣದ) ಕಾವಲಿ ಮೊಮ್ಮಕ್ಕಳವರೆಗೆ ಬರುತ್ತದೆ. ಮಳೆಗಾಲದಲ್ಲಿ ತೊಳೆದ ಕೂಡಲೇ ಒಲೆಯ ಮೇಲೆ ಒಣಗಿಸಿ, ತೆಂಗಿನೆಣ್ಣೆ ಸವರಿಡಬೇಕು, ಅಷ್ಟೇ ಅದರ ಚಾಕರಿ. ಬೀಡೇ ತೆಗೆದುಕೊಳ್ಳಿ.

ಸ್ಕೂಟರಿನಲ್ಲಿ ದಿನವೂ ಓಡಾಡುವವರು ರೈನ್‌ಕೋಟಿಗೆ ಜಿಪುಣತನ ಮಾಡಬೇಡಿ. ಹೊಲಿಗೆಯ ಒಳಮಗ್ಗುಲಿಗೆ ಟೇಪ್ ಅಂಟಿಸಿದೆಯೇ ಎಂದು ತಿರುಗಿಸಿ ನೋಡಿ, ಇಲ್ಲದಿದ್ದರೆ ತೊಡೆಯ ಸಂದಿಯಲ್ಲಿ ನೀರು ಇಳಿಯುವುದು ಖಂಡಿತ. ಕೊಡೆ ಮಾತ್ರ ಉದ್ದ ಕಾವಿನದೇ ಬೇಕು, ಮೂರು ಮಡಿಕೆಯದು ಕಡಲಗಾಳಿಗೆ ಮಗುಚುತ್ತದೆ.

ಸೀರೆಯ ವಿಷಯಕ್ಕೆ ಒಂದು ಮಾತು. ಉಡುಪಿ ಕೈಮಗ್ಗದ ಸೀರೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಉಂಟು, ನೇಯುವವರು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿದ್ದಾರೆ. ಅಂಗಡಿಯ ಯಂತ್ರದ ಸೀರೆಗಿಂತ ಬೆಲೆ ಹೆಚ್ಚು. ಆದರೆ ಹತ್ತಿಯದಾದ್ದರಿಂದ ನಮ್ಮ ಸೆಕೆಗೆ ಮೈಗೆ ಹಿತ, ಒಗೆದಷ್ಟೂ ಮೆತ್ತಗಾಗುತ್ತದೆ. ವಾರವಾರವೂ ಉಡುವ ಸೀರೆಗೆ ಹಣ ಹಾಕಿ, ವರ್ಷಕ್ಕೊಮ್ಮೆ ಮದುವೆಗೆ ಉಡುವುದನ್ನು ಅಕ್ಕತಂಗಿಯರಲ್ಲಿ ಹಂಚಿಕೊಳ್ಳಿ.

ದುಡ್ಡು ಎಣಿಸುವ ಮೊದಲು

ಮಾದರಿ ಯಾವುದೇ ಇರಲಿ, ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ರಿಪೇರಿಗೆ ಬರುವವರು ಉಡುಪಿಯವರೇ, ಮಂಗಳೂರಿನಿಂದ ಬರಬೇಕೇ? ಬಿಡಿಭಾಗ ಇಲ್ಲೇ ಉಂಟೇ, ಘಟ್ಟದ ಮೇಲಿನಿಂದ ತರಿಸಬೇಕೇ? ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆದರೆ ಬೋರ್ಡಿಗೋ ಮೋಟರಿಗೋ ಕಾಯುತ್ತಾ ಕೂರಬೇಕಾಗುತ್ತದೆ, ಅದೂ ಆ ವಸ್ತು ಅತಿ ಹೆಚ್ಚು ಬೇಕಾದ ದಿನಗಳಲ್ಲಿ. ಮೂರನೆಯದು, ತುಕ್ಕು, ಇಲಿ, ಹಲ್ಲಿ, ಸಿಡಿಲಿನಿಂದ ಕೆಟ್ಟರೆ ವಾರಂಟಿ ಉಂಟೇ? ಹೆಚ್ಚಿನವುಗಳಲ್ಲಿ ಇಲ್ಲ, ಆದರೂ ಅವರ ಬಾಯಿಂದಲೇ ಕೇಳಿಕೊಳ್ಳಿ. ಬಿಲ್ಲನ್ನು ಮನೆ ತಲುಪುವ ಮೊದಲೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮೆಷಿನ್‌ನಿಂದ ಬರುವ ಆ ನಯವಾದ ಕಾಗದದ ಅಕ್ಷರ ವಾರಂಟಿ ಮುಗಿಯುವ ಮೊದಲೇ ಮಾಸಿಹೋಗಿರುತ್ತದೆ.